ಡೊಮೇನ್ ಜೋಡಿಸಿದೆ, ಸೈಟ್ ಬಂತು, ಮೇಲ್ ನಿಂತಿತು: ಗಿಟ್‌ಹಬ್ ಪೇಜಸ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಶಿರಸಿ ಹತ್ತಿರ ನಮ್ಮೂರಿನ ಹವ್ಯಾಸಿ ಯಕ್ಷಗಾನ ಮಂಡಳಿಯ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಆಟದ ದಿನಾಂಕ, ಪ್ರಸಂಗಗಳ ಪಟ್ಟಿ, ಕಲಾವಿದರ ಪರಿಚಯ ಸೇರಿ ನಲವತ್ತು ಪುಟ ಇರಬಹುದು. ಪ್ರತಿ ವರ್ಷ ಹೋಸ್ಟಿಂಗಿಗೆ ದುಡ್ಡು ಕಟ್ಟುವುದು ಕಷ್ಟ ಆಗುತ್ತಿತ್ತು. ಅದಕ್ಕೆ ಹ್ಯೂಗೊ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ ಸೈಟ್ ಮಾಡಿ, ಪುಟಗಳನ್ನು ಉಚಿತವಾಗಿ ಇಟ್ಟುಕೊಡುವ ಗಿಟ್‌ಹಬ್ ಪೇಜಸ್‌ಗೆ ಹಾಕಿದೆ. ಡಾಟ್ ಇನ್ ಡೊಮೇನ್ ಮಂಡಳಿಯದೇ. ಅದರ ಡಿಎನ್ಎಸ್‌ನಲ್ಲಿ (ಹೆಸರು ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ಪಟ್ಟಿ) ಹಳೆಯ ಎ ರೆಕಾರ್ಡ್ (ಹೆಸರಿಗೆ ಐಪಿ ಅಂಕಿ ಕೊಡುವ ಸಾಲು) ಅಳಿಸಿ, ಆ ಜಾಗದಲ್ಲಿ ಸಿನೇಮ್ (CNAME) ಹಾಕಿದೆ. ಸೈಟ್ ತೆರೆಯಿತು, ಆದರೆ ಎರಡು ದಿನದಿಂದ ಮಂಡಳಿಯ ವಿಳಾಸಕ್ಕೆ ಒಂದೂ ಮೇಲ್ ಬಂದಿಲ್ಲ. ಆಟ ಗೊತ್ತು ಮಾಡುವವರು ಫೋನ್ ಮಾಡಿ ಕೇಳುತ್ತಿದ್ದಾರೆ. ಏನು ತಪ್ಪು ಮಾಡಿದೆ?

ಉತ್ತರ: ಮೇಡಂ, ಆ ಸಿನೇಮ್‌ನಿಂದಲೇ ಆಗಿದೆ. ಮುಂದೆ ಏನೂ ಇಲ್ಲದ ಬರಿ ಡೊಮೇನಿಗೆ ಸಿನೇಮ್ ಹಾಕಬಾರದು. ಇದು 1987ರಲ್ಲಿ ಡಿಎನ್ಎಸ್ ನಿಯಮ ಬರೆದಾಗಿನಿಂದ ಇರುವ ಕಟ್ಟುಪಾಡು. ಸಿನೇಮ್ ಅಂದರೆ "ಈ ಹೆಸರಿನ ಬಗ್ಗೆ ಏನೇ ಕೇಳುವುದಿದ್ದರೂ ಆ ಇನ್ನೊಂದು ಹೆಸರನ್ನು ಕೇಳಿ" ಎಂದು ಹೇಳಿದ ಹಾಗೆ. ಬ್ರೌಸರ್ ಹಾಗೆ ಕೇಳಿದಾಗ ಪುಟ ಸಿಕ್ಕಿತು. ಮೇಲ್ ಸರ್ವರ್ ಬಂದು "ಇವರ ಅಂಚೆ ಎಲ್ಲಿಗೆ ಕೊಡಲಿ" ಎಂದಾಗ ಅದನ್ನೂ ಗಿಟ್‌ಹಬ್ ಕಡೆಗೇ ಕಳಿಸಿತು. ಅಲ್ಲಿ ನಿಮ್ಮ ಅಂಚೆ ತಗೊಳ್ಳುವವರು ಯಾರೂ ಇಲ್ಲ. ಕೆಲವು ಕಡೆಯ ಡಿಎನ್ಎಸ್ ಪುಟ ಇಂಥ ಸಿನೇಮ್ ಹಾಕಲು ಬಿಡುವುದೇ ಇಲ್ಲ. ನಿಮ್ಮದು ಬಿಟ್ಟಿದೆ.

ಈಗ ಹೀಗೆ ಮಾಡಿ. ಆ ಸಿನೇಮ್ ತೆಗೆಯಿರಿ. ಬರಿ ಡೊಮೇನಿಗೆ ನಾಲ್ಕು ಎ ರೆಕಾರ್ಡ್ ಹಾಕಿ: 185.199.108.153, 185.199.109.153, 185.199.110.153, 185.199.111.153. ಹಳೆಯ ಟಿಪ್ಪಣಿಗಳಲ್ಲಿ 192.30 ಎಂದು ಶುರುವಾಗುವ ಅಂಕಿ ಕಂಡರೆ ಬಳಸಬೇಡಿ, ಅದು ಹಳೆಯ ಕಾಲದ್ದು. ಮುಂದೆ ಮೂರು ಡಬ್ಲ್ಯೂ ಇರುವ ಹೆಸರಿಗೆ ಮಾತ್ರ ಸಿನೇಮ್ ಇರಲಿ. ಅದು ನಿಮ್ಮ ಗಿಟ್‌ಹಬ್ ಹೆಸರು ಮತ್ತು ಡಾಟ್ ಗಿಟ್‌ಹಬ್ ಡಾಟ್ ಐಒ, ಇಷ್ಟಕ್ಕೇ ತೋರಿಸಬೇಕು. ಕೊನೆಗೆ ಓರೆಗೆರೆ ಹಾಕಿ ರೆಪೊ (ಗಿಟ್‌ಹಬ್‌ನಲ್ಲಿ ಸೈಟಿನ ಫೈಲ್‌ಗಳಿರುವ ಜಾಗ) ಹೆಸರು ಸೇರಿಸಬೇಡಿ. ತುಂಬಾ ಜನ ಅಲ್ಲೇ ಎಡವುತ್ತಾರೆ.

ಪ್ರಶ್ನೆ: ಸರ್, ನೀವು ಹೇಳಿದ ಹಾಗೇ ಮಾಡಿದೆ. ಎರಡೂ ವಿಳಾಸದಲ್ಲಿ ಸೈಟ್ ಬರುತ್ತಿದೆ. ಆದರೆ ಮೇಲ್ ಇನ್ನೂ ಬಂದಿಲ್ಲ. ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ನಾನು ಮುಟ್ಟಿಯೇ ಇಲ್ಲ.

ಉತ್ತರ: ಆ ಎಂಎಕ್ಸ್ ಯಾವ ಹೆಸರಿಗೆ ತೋರಿಸುತ್ತಿದೆ ನೋಡಿ. ನಿಮ್ಮ ಬರಿ ಡೊಮೇನಿಗೇ ತೋರಿಸುತ್ತಿದೆ, ಅಲ್ವಾ? ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟ ಇರುವ ಹೋಸ್ಟಿಂಗ್‌ಗಳಲ್ಲಿ ಮೊದಲಿಗೆ ಹೀಗೆಯೇ ಇರುತ್ತದೆ. ಸೈಟೂ ಮೇಲೂ ಒಂದೇ ಯಂತ್ರದಲ್ಲಿ ಇರುವವರೆಗೆ ತೊಂದರೆ ಇಲ್ಲ. ಈಗ ಆ ಹೆಸರು ಗಿಟ್‌ಹಬ್‌ನ ಅಂಕಿಗೆ ಹೋಗುತ್ತಿದೆ, ಎಂಎಕ್ಸ್ ಕೂಡ ಅದರ ಹಿಂದೆ ಹೋಗಿದೆ.

ಹಳೆಯ ಹೋಸ್ಟಿಂಗ್‌ನ ಐಪಿ ಅಂಕಿ ಅವರ ನಿಯಂತ್ರಣ ಪುಟದಲ್ಲಿ ಸಿಗುತ್ತದೆ. 'ಮೇಲ್' ಎಂಬ ಉಪಹೆಸರಿಗೆ ಆ ಅಂಕಿ ಕೊಟ್ಟು ಒಂದು ಎ ರೆಕಾರ್ಡ್ ಹಾಕಿ. ಎಂಎಕ್ಸ್ ಅನ್ನು ಆ ಉಪಹೆಸರಿಗೆ ತಿರುಗಿಸಿ. ಟಿಟಿಎಲ್ (ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಡಬೇಕೆಂಬ ಅಂಕಿ) 3600 ಇದ್ದರೆ ಹಳೆಯ ಉತ್ತರ ಒಂದು ಗಂಟೆ ನೆನಪಿನಲ್ಲಿ ಇರುತ್ತದೆ. ಅಷ್ಟು ಹೊತ್ತು ಸುಮ್ನೆ ಬಿಡಿ, ನಡುವೆ ಮತ್ತೆ ಏನನ್ನೂ ಬದಲಿಸಬೇಡಿ.

ಇನ್ನೊಬ್ಬ ಸದಸ್ಯರು: ಇದೇ ದಾರಿಯಲ್ಲಿ ನಮ್ಮ ಸ್ವಸಹಾಯ ಸಂಘದ ಹಪ್ಪಳ, ಉಪ್ಪಿನಕಾಯಿ ಮಾರುವ ಅಂಗಡಿ ಮಾಡಬಹುದಾ?

ಉತ್ತರ: ಗಿಟ್‌ಹಬ್ ಪೇಜಸ್‌ನಲ್ಲಿ ಬೇಡ. ಆನ್‌ಲೈನ್ ವ್ಯಾಪಾರ ನಡೆಸುವುದಕ್ಕೆ ಅದನ್ನು ಬಳಸುವಂತಿಲ್ಲ ಎಂದು ಅವರ ನಿಯಮದಲ್ಲೇ ಇದೆ. ಮಂಡಳಿಯಂಥ ಪರಿಚಯದ ಸೈಟಿಗೆ ಅದು ಧಾರಾಳ. ಸೈಟ್ 1 ಜಿಬಿವರೆಗೆ ಇರಬಹುದು, ತಿಂಗಳಿಗೆ ಸುಮಾರು 100 ಜಿಬಿ ಓಡಾಟಕ್ಕೆ ಬಿಡುತ್ತಾರೆ. 100 ಎಂಬಿ ದಾಟಿದ ಫೈಲನ್ನು ಪುಶ್ ಮಾಡಲು (ಗಿಟ್‌ಹಬ್‌ಗೆ ಏರಿಸಲು) ಬಿಡುವುದಿಲ್ಲ, ಹಾಗಾಗಿ ಇಡೀ ರಾತ್ರಿಯ ಆಟದ ವಿಡಿಯೊ ಯೂಟ್ಯೂಬಿನಲ್ಲೇ ಇರಲಿ.

ಪ್ರಶ್ನೆ: ಸರ್, ಮೇಲ್ ಬಂತು! ತುಂಬಾ ಉಪಕಾರ. ಇನ್ನೆರಡು ವಿಷಯ. ಪ್ರತಿ ಸಲ ಪುಶ್ ಮಾಡಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಹೆಸರು ಅಳಿಸಿಹೋಗುತ್ತದೆ. ಮತ್ತೆ ಸೈಟ್ ಸುರಕ್ಷಿತ ಎಂದು ಬ್ರೌಸರ್ ತೋರಿಸುವ ಬೀಗದ ಗುರುತೂ ಬರುತ್ತಿಲ್ಲ.

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಬರೆದಾಗ ಗಿಟ್‌ಹಬ್ ನಿಮ್ಮ ಬ್ರಾಂಚಿನಲ್ಲಿ (ರೆಪೊದೊಳಗೆ ಸೈಟಿನ ಫೈಲ್‌ಗಳಿರುವ ಕವಲು) ಸಿನೇಮ್ ಎಂಬ ಸಣ್ಣ ಫೈಲ್ ಇಡುತ್ತದೆ. ನೀವು ಮನೆಯ ಕಂಪ್ಯೂಟರಿನಲ್ಲಿ ಹ್ಯೂಗೊ ಓಡಿಸಿ, ಬಂದದ್ದನ್ನು ಆ ಬ್ರಾಂಚಿನ ಮೇಲೆ ಸುರಿಯುತ್ತಿದ್ದೀರಿ. ಆಗ ಆ ಫೈಲ್ ಅಳಿಸಿಹೋಗುತ್ತದೆ. ಹ್ಯೂಗೊದ ಸ್ಟ್ಯಾಟಿಕ್ ಫೋಲ್ಡರಿನಲ್ಲೇ ಆ ಫೈಲ್ ಇಡಿ. ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಇರಬೇಕು, ಕೊನೆಗೆ ಡಾಟ್ ಟಿಎಕ್ಸ್‌ಟಿ ಇರಬಾರದು. ಒಳಗೆ ಒಂದೇ ಸಾಲು, ನಿಮ್ಮ ಡೊಮೇನ್.

ಬೀಗಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ತಾನಾಗಿ ಬರುತ್ತದೆ. ಸ್ವಂತ ಡೊಮೇನಿಗೂ ಈ ಸೌಲಭ್ಯ 2018ರಿಂದ ಇದೆ, ದುಡ್ಡು ಕೊಡಬೇಕಿಲ್ಲ. 24 ಗಂಟೆ ಕಾಯಿರಿ. ಆಮೇಲೂ ಬರದಿದ್ದರೆ ಡಿಎನ್ಎಸ್‌ನಲ್ಲಿ ಸಿಎಎ ರೆಕಾರ್ಡ್ (ಯಾರು ಪ್ರಮಾಣಪತ್ರ ಕೊಡಬಹುದೆಂದು ಹೇಳುವ ಸಾಲು) ಇದೆಯಾ ನೋಡಿ. ಇದ್ದರೆ ಅದರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಹೆಸರೂ ಇರಬೇಕು. ಅದೂ ಸರಿ ಇದ್ದರೆ ಸೆಟ್ಟಿಂಗ್ಸ್‌ನಿಂದ ಡೊಮೇನ್ ತೆಗೆದು ಮತ್ತೆ ಸೇರಿಸಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಗಿಟ್‌ಹಬ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ನಿಮ್ಮದೇ ಎಂದು ದೃಢಪಡಿಸಿ. ಅವರು ಕೊಡುವ ಟಿಎಕ್ಸ್‌ಟಿ ರೆಕಾರ್ಡ್ (ಒಂದು ಸಾಲು ಬರಹ) ಡಿಎನ್ಎಸ್‌ನಲ್ಲಿ ಹಾಕಿದರೆ ಸಾಕು. ಮುಂದೆ ಯಾವತ್ತಾದರೂ ಆ ರೆಪೊ ಅಳಿಸಿ, ಡಿಎನ್ಎಸ್ ಹಾಗೇ ಬಿಟ್ಟರೆ, ಬೇರೆ ಯಾರೋ ನಿಮ್ಮ ಡೊಮೇನನ್ನು ತಮ್ಮ ರೆಪೊಗೆ ಜೋಡಿಸಿಕೊಳ್ಳಬಹುದು. ಮಂಡಳಿಯ ಹೆಸರಿನಲ್ಲಿ ಜೂಜಿನ ಪುಟ ಬಂದರೆ ಜನ ನಿಮ್ಮನ್ನೇ ಕೇಳುತ್ತಾರೆ. ದೃಢಪಡಿಸಿಟ್ಟರೆ ಆ ಭಯ ಇಲ್ಲ.

ಪ್ರಶ್ನೆ: ದೃಢಪಡಿಸಿದೆ ಸರ್. ಹಾಗಾದರೆ ಹಳೆಯ ಹೋಸ್ಟಿಂಗ್ ಇವತ್ತೇ ಮುಚ್ಚಿಬಿಡಲಾ? ಮುಂದಿನ ವಾರ ನವೀಕರಣ ಇದೆ.

ಉತ್ತರ: ಬೇಡ ಮೇಡಂ, ತಡೆಯಿರಿ. ನಿಮ್ಮ ಮೇಲ್ ಪೆಟ್ಟಿಗೆ ಈಗಲೂ ಅಲ್ಲೇ ಇದೆ. ಮುಚ್ಚಿದರೆ ಹೊಸ ಮೇಲ್ ನಿಲ್ಲುತ್ತದೆ, ಹಳೆಯದೂ ಹೋಗುತ್ತದೆ. ಮೊದಲು ಬರಿ ಮೇಲ್ ಸೇವೆ ಕೊಡುವವರ ಹತ್ತಿರ ಖಾತೆ ಮಾಡಿ. ಹಳೆಯ ಮೇಲ್‌ಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಎಂಎಕ್ಸ್ ಬದಲಿಸಿ. ಒಂದು ವಾರ ಎಲ್ಲವೂ ಹೊಸ ಜಾಗಕ್ಕೆ ಬರುತ್ತಿದೆಯಾ ನೋಡಿ, ಆಮೇಲೆ ಮುಚ್ಚಿ. ಈ ವಾರದಲ್ಲಿ ಆಗದಿದ್ದರೆ ಒಂದು ತಿಂಗಳ ಮಟ್ಟಿಗೆ ಮಾತ್ರ ಮುಂದುವರಿಸಲು ಆಗುತ್ತದಾ ಎಂದು ಅವರನ್ನು ಇವತ್ತೇ ಕೇಳಿ. ಡೊಮೇನ್ ಕೂಡ ಅವರ ಬಳಿಯೇ ಕೊಂಡಿದ್ದರೆ, ಡೊಮೇನ್ ನವೀಕರಣವನ್ನು ಮಾತ್ರ ತಪ್ಪಿಸಬೇಡಿ. ಎರಡೂ ಒಂದೇ ಬಿಲ್ಲಿನಲ್ಲಿ ಬರಬಹುದು, ಸಾಲು ಸಾಲಾಗಿ ಓದಿ ನೋಡಿ.