ನಾಲ್ಕು ಟಿಚ್ ಬಟನ್, ಒಂದು ಅಂಬಾಸಿಡರ್

ಸೀನಿಯ ಹತ್ತಿರ 43 ಕಾರುಗಳಿವೆ. ಓಡಾಡುವುದು ಮಾತ್ರ ಮೆಟ್ರೋದಲ್ಲಿ. ಬಸವನಗುಡಿಯ ಅವನ ಬಾಡಿಗೆ ಮನೆಯಲ್ಲಿ ಒಂದು ಸ್ಕೂಟರ್ ನಿಲ್ಲಿಸಬೇಕಾದರೂ ಓನರ್ ಮುಖ ನೋಡಬೇಕು. ಕಾರುಗಳೆಲ್ಲ ಟಿವಿ ಪಕ್ಕದ ಗಾಜಿನ ಬೀರುವಿನಲ್ಲಿ ಆರಾಮಾಗಿವೆ. "ಬೆಂಗಳೂರಲ್ಲಿ ಇಷ್ಟು ಕಾರಿಗೂ ಪಾರ್ಕಿಂಗ್ ಇರೋ ಏಕೈಕ ಮನುಷ್ಯ" ಅಂತಲೇ ಗುಂಡ ಅವನನ್ನು ಎಲ್ಲರಿಗೂ ಪರಿಚಯ ಮಾಡಿಸುವುದು.

ಹೋದ ಭಾನುವಾರ ಗಾಂಧಿ ಬಜಾರಿನಲ್ಲಿ ದೋಸೆ ಮುಗಿಸಿ ನಾನು, ಗುಂಡ, ಮೂರ್ತಿ ಅವನ ಮನೆಗೆ ಹೋದೆವು. ಸೀನಿ ಮಾಸ್ಕ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಬಿಸಿನೀರಿನ ಪಾತ್ರೆ, ಅದರೊಳಗೆ ಸ್ಪ್ರೇ ಪೇಂಟ್ ಡಬ್ಬಿ.

"ಪೇಂಟಿಗೂ ಅಭ್ಯಂಜನನಾ?" ಎಂದ ಮೂರ್ತಿ.

"ಉಗುರುಬೆಚ್ಚಗೆ ಮಾಡಿದರೆ ಹನಿ ಸಣ್ಣದಾಗಿ ಬರುತ್ತೆ. ಮುಟ್ಟಬೇಡ್ರೋ, ಹಸಿ ಇದೆ!"

ಹಸಿ ಇದ್ದದ್ದು ಒಂದು ಅಂಬಾಸಿಡರ್. ಎಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಆಟಿಕೆ. ಅವನ ಅಪ್ಪನ ಹತ್ತಿರ ಹಿಂದೆ ಅಂಬಾಸಿಡರ್ ಇತ್ತು. 1977ರಲ್ಲಿ ಕೊಂಡು 1991ರಲ್ಲಿ ಮಾರಿದ್ದರು. ಅದೇ ಕಾರನ್ನು ಹಾಗೇ ಮಾಡಿ ಅಪ್ಪನ ಕೈಗಿಡಬೇಕು ಅಂತ ಸೀನಿ ಮೂರು ತಿಂಗಳಿಂದ ಒದ್ದಾಡುತ್ತಿದ್ದಾನೆ.

"12 ಸೆಂಟಿಮೀಟರ್ ಇದೆ" ಎಂದ. "ನಿಜವಾದದ್ದು ಹತ್ತಿರಹತ್ತಿರ 4.3 ಮೀಟರ್. ಅಂದರೆ 36ರಲ್ಲಿ ಒಂದು ಪಾಲು."

ಲೆಕ್ಕ ಬಂತು ಅಂದರೆ ಸೀನಿಯನ್ನು ಹಿಡಿಯೋರಿಲ್ಲ. ಕಾರ್ ಮಾಡೆಲ್‌ಗಳಲ್ಲಿ 43ರಲ್ಲಿ ಒಂದು ಅನ್ನುವ ಅಳತೆ ಬಂದದ್ದು ಆಟದ ರೈಲಿನಿಂದಂತೆ. ಬ್ರಿಟನ್‌ನವರು ನಿಜವಾದ ರೈಲಿನ ಒಂದು ಅಡಿಗೆ 7 ಮಿಲಿಮೀಟರ್ ಇಟ್ಟುಕೊಂಡರು. 304.8ನ್ನು 7ರಿಂದ ಭಾಗಿಸಿದರೆ ನಲವತ್ತಮೂರೂವರೆ. ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಕಾರುಗಳು ರೈಲನ್ನು ಬಿಟ್ಟು ತಾವೇ ಊರು ಸುತ್ತಿದವು.

"ಮತ್ತೆ ಹಾಟ್ ವೀಲ್ಸ್?" ಅಂತ ನಾನು ಕೇಳಿದೆ. 1968ರಿಂದ ಬರುತ್ತಿರುವ ಆ ಪುಟ್ಟ ಕಾರುಗಳೇ ಅವನ ಬೀರುವಿನಲ್ಲಿ ಮುಕ್ಕಾಲು ಪಾಲು.

"64ರಲ್ಲಿ ಒಂದು ಅಂತಾರೆ. ಅದು ಬಾಯಿಮಾತು. ಪ್ಯಾಕೆಟ್ಟಿಗೆ ಹಿಡಿಸಬೇಕು, ಅಷ್ಟೇ. ಅದಕ್ಕೇ ಅದರಲ್ಲಿ ಬಸ್ಸೂ ಕಾರೂ ಒಂದೇ ಉದ್ದ."

"ಹಾಗಾದರೆ ನಮ್ಮ ಹಳೇ ಬಿಟಿಎಸ್ ಡಬಲ್ ಡೆಕ್ಕರ್ ಬಸ್ ಮಾಡಿದರೂ ಮಾರುತಿಯಷ್ಟೇ ಇರುತ್ತೆ" ಎಂದ ಮೂರ್ತಿ, ತುಂಬಾ ಬೇಜಾರಿನಿಂದ. ಅವನು ಕಾಲೇಜಿಗೆ ಹೋದದ್ದು ಅದರ ಮೇಲ್ಮಹಡಿಯಲ್ಲಿ ಕೂತು.

ಗುಂಡ ಅಷ್ಟರಲ್ಲಿ ಒಂದು ಹಾಟ್ ವೀಲ್ಸ್ ಎತ್ತಿ ಸೀನಿಯ ಹೆಂಡತಿ ಪದ್ಮಾಳ ಅಡುಗೆಮನೆ ತಕ್ಕಡಿಯ ಮೇಲಿಟ್ಟಿದ್ದ. 35 ಗ್ರಾಂ ತೋರಿಸಿತು. ಉದ್ದ 64 ಪಟ್ಟು ಆದರೆ ಅಗಲ, ಎತ್ತರವೂ 64 ಪಟ್ಟು, ಅಲ್ವಾ? ಮೊಬೈಲಿನಲ್ಲಿ ಗುಣಿಸಿದ. 64 ಸಲ 64 ಸಲ 64, ಅಂದರೆ 2,62,144. ಅದಕ್ಕೆ 35 ಗ್ರಾಂ.

"ಒಂಬತ್ತು ಟನ್ ಕಣ್ರೋ! ಇದನ್ನು ನಿಜವಾಗಲೂ ದೊಡ್ಡದು ಮಾಡಿದರೆ ಹಗಲು ಹೊತ್ತು ಸಿಟಿ ಒಳಗೆ ಬಿಡಲ್ಲ."

"ಸತುವಿನ ಲೋಹ, ಅದೂ ಗಟ್ಟಿಯಾಗಿ ಎರಕ ಹೊಯ್ದದ್ದು. ತಗಡಿನಷ್ಟು ತೆಳ್ಳಗೆ ಮಾಡೋಕಾಗಲ್ಲ" ಅಂತ ಸೀನಿ ಸಮರ್ಥಿಸಿಕೊಂಡ. ಯಾರೂ ಕೇಳಿಸಿಕೊಳ್ಳಲಿಲ್ಲ.

ಈಗ ಮೇಜಿನ ಮೇಲಿರುವುದು ಮೂರನೇ ಅಂಬಾಸಿಡರ್. ಮೊದಲನೆಯದರ ಬಣ್ಣ ತೆಗೆಯಲು ಥಿನ್ನರ್‌ನಲ್ಲಿ ಅದ್ದಿದ್ದ. ಬಾನೆಟ್ ಇಡ್ಲಿ ಹಿಟ್ಟಾಯಿತು. ಎರಡನೆಯದಕ್ಕೆ ಬ್ರಷ್‌ನಲ್ಲಿ ಬಳಿದು, ಸುಣ್ಣ ಹೊಡೆದ ಗೋಡೆಯ ಥರ ಆಗಿ, ಆ ಬಣ್ಣ ತೆಗೆಯಬೇಕಾಗಿ ಬಂತು. ಅದಕ್ಕೆ ಬ್ರೇಕ್ ಆಯಿಲ್ ಒಳ್ಳೆಯದು, ಬಣ್ಣ ಬಿಡಿಸುತ್ತೆ, ಪ್ಲಾಸ್ಟಿಕ್ಕಿಗೆ ಅಷ್ಟಾಗಿ ತೊಂದರೆ ಮಾಡಲ್ಲ ಅಂತ ಯಾರೋ ಹೇಳಿದರು. ಸೀನಿ ಜೆ.ಸಿ. ರೋಡಿಗೆ ಹೋದ.

"ಯಾವ ಗಾಡಿ ಸಾರ್?" ಅಂತ ಅಂಗಡಿಯವನು ಕೇಳಿದ.

"ಅಂಬಾಸಿಡರ್."

"ಅಯ್ಯೋ, ಇನ್ನೂ ಇಟ್ಟಿದ್ದೀರಾ! 2014ಕ್ಕೇ ನಿಂತುಹೋಯ್ತಲ್ಲ. ಎಲ್ಲಿ ಗಾಡಿ? ಹುಡುಗನ್ನ ಕಳಿಸಿ ನೋಡಿಸ್ತೀನಿ."

ಸೀನಿ ಜೇಬಿನಿಂದ ತೆಗೆದು ಕೌಂಟರ್ ಮೇಲಿಟ್ಟ. ಆಮೇಲೆ ಅಂಗಡಿಯವನು ಪಕ್ಕದ ಎರಡು ಅಂಗಡಿಯವರನ್ನೂ ಕರೆದನಂತೆ.

ಎರಡನೆಯದು ಬಣ್ಣದಿಂದ ಉಳಿಯಿತು, ಗಾಜಿನಿಂದ ಕೆಟ್ಟಿತು. ಮುಂದಿನ ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿ ಮಲಗಿದ್ದ. ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಬೆಳಗಾಗುವಷ್ಟರಲ್ಲಿ ನಂದಿ ಬೆಟ್ಟದ ಮಂಜು. ಗಾಜಿನ ಭಾಗಕ್ಕೆಲ್ಲ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ. ಇದು ಗೊತ್ತಾಗಲು ಒಂದು ಕಾರು ಹೋಯಿತು.

ಮಳೆ ಬೇರೆ. ಗಾಳಿಯಲ್ಲಿ ತೇವ ಇದ್ದಾಗ ಸ್ಪ್ರೇ ಮಾಡಿದರೆ ಬಣ್ಣದ ಮೇಲೆ ಬೂದುಬಣ್ಣದ ಪೊರೆ ಬರುತ್ತೆ. ಸೀನಿ ಡಬ್ಬಿ ಅಲ್ಲಾಡಿಸುವ ಸದ್ದು ಕೇಳಿದರೆ ಸಾಕು, ಬಸವನಗುಡಿಗೆ ಮೋಡ ಕವಿಯುತ್ತೆ.

"ಚನ್ನಪಟ್ಟಣದವರಿಗೆ ಈ ರಗಳೆ ಇಲ್ಲ ನೋಡು" ಎಂದ ಮೂರ್ತಿ. "ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಕರಗಿ ಬಣ್ಣ ಹತ್ತುತ್ತೆ. ಆಮೇಲೆ ತಾಳೆಗರಿಯಲ್ಲಿ ತಿಕ್ಕಿದರೆ ಪಳಪಳ. ಮಳೆ ಬಂದರೆಷ್ಟು, ಬಿಟ್ಟರೆಷ್ಟು."

"ಅಂಬಾಸಿಡರ್‌ನ ಲೇತ್ ಮೇಲೆ ತಿರುಗಿಸೋಕಾಗುತ್ತೇನೋ?"

"ಆ ಕಾರು ಹೇಗೂ ಗುಂಡಗೇ ಇದೆಯಲ್ಲ."

ಸೀನಿ ಮಾತಾಡಲಿಲ್ಲ. ಅವನ ಕಣ್ಣು ಟಾಪಿನ ಮೇಲೆ ನೆಟ್ಟಿತ್ತು. ಹಸಿ ಬಣ್ಣದಲ್ಲಿ ಒಂದು ಕೂದಲು. ಕೂದಲು 0.07 ಮಿಲಿಮೀಟರ್ ದಪ್ಪ ಅಂದರೂ 36 ಪಟ್ಟು ಮಾಡಿದರೆ ಎರಡೂವರೆ ಮಿಲಿಮೀಟರ್. ಅಪ್ಪನ ಕಾರಿನ ಟಾಪ್ ಮೇಲೆ ಕೇಬಲ್ ಟಿವಿಯವನು ವೈರ್ ಎಳೆದು ಹೋದ ಹಾಗೆ! ಹುಬ್ಬು ಕೀಳುವ ಚಿಮ್ಮಟದಲ್ಲಿ ಉಸಿರು ಬಿಗಿಹಿಡಿದು ಎತ್ತಿದ. ನಾವೂ ಉಸಿರಾಡಲಿಲ್ಲ. ಗುಂಡನ ತಲೆಯಲ್ಲಿ ಕೂದಲಿಲ್ಲದ್ದರಿಂದ ಅವನೊಬ್ಬ ನಿರಪರಾಧಿ.

ಕೆಲಸ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಟಿಕೆಯ ಮುಂದಿನ ಜಾಲರಿ ಚೌಕಳಿ. ಅದು 1979ರಲ್ಲಿ ಬಂದ ಮಾರ್ಕ್ 4ರ ಥರದ್ದು. ಅಪ್ಪನದು ಮಾರ್ಕ್ 3, ಅದಕ್ಕೆ ಬರೀ ಅಡ್ಡಪಟ್ಟಿ. ಸೀನಿ ಚೌಕಳಿಯನ್ನು ಕೆರೆದು ಹಾಕಿ ಸ್ಟೇಪ್ಲರ್ ಪಿನ್ ನೆಟ್ಟಗೆ ಮಾಡಿ ಒಂದರ ಕೆಳಗೊಂದು ಕೂರಿಸಿದ್ದ. ಪಕ್ಕದಲ್ಲಿ ಒಣಗುತ್ತಿದ್ದ ಚಕ್ರಗಳ ಹೊಳೆಯುವ ಕ್ಯಾಪ್ ನೋಡಿ ನಾನು ಬೆರಗಾದೆ. ಇಷ್ಟು ಚಿಕ್ಕದು ಎಲ್ಲಿ ಸಿಕ್ಕಿತು?

ಸೀನಿ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ಪದ್ಮನ ಹೊಲಿಗೆ ಡಬ್ಬಿ. ಟಿಚ್ ಬಟನ್. ನಿಜವಾದ ಕ್ಯಾಪ್ ಒಂದು ಗೇಣು ಅಗಲ. 36ರಿಂದ ಭಾಗಿಸಿದರೆ ಟಿಚ್ ಬಟನ್ನೇ ಬರುತ್ತೆ, ಬೇಕಾದರೆ ಲೆಕ್ಕ ಮಾಡು."

ಬಣ್ಣ ಒಣಗಿ, ಚಕ್ರ ಕೂರಿಸಿ ಹಾಲಿಗೆ ತಂದಾಗ ಜಗಳ ಶುರುವಾಯಿತು. ಆ ಕಾಲದ ಫೋಟೋ ಇರುವುದೇ ಒಂದು, ಅದೂ ಕಪ್ಪುಬಿಳುಪು. "ಇದು ಬಾಸುಂದಿ ಬಣ್ಣ. ನಮ್ಮ ಕಾರು ಹಾಲು ಜಾಸ್ತಿಯಾದ ಕಾಫಿ ಥರ ಇತ್ತು" ಎಂದರು ಅಮ್ಮ. ಹುಬ್ಬಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ಅಕ್ಕ, ತಿಳಿ ಹಸಿರು ಅಂತ ಆಣೆ ಹಾಕಿದಳು. ಅಪ್ಪ ಎಲ್ಲರ ಮಾತೂ ಮುಗಿಯಲಿ ಅಂತ ಕಾದು, "ಬಿಳಿ ತಗೊಂಡಿದ್ದೆ. ಬಿಸಿಲಿಗೆ ಹಾಗಾಗಿತ್ತು" ಎಂದರು.

ಮೂರು ತಿಂಗಳು! ಸೀನಿ ಸೋಫಾದ ಮೇಲೆ ಕುಸಿದು ಕೂತ.

ಅಪ್ಪ ಕನ್ನಡಕ ಹಣೆಗೇರಿಸಿ, ಕಾರನ್ನು ಮೂಗಿನ ಹತ್ತಿರ ಹಿಡಿದು, ಜಾಲರಿ ನೋಡಿದರು. ತಿರುಗಿಸಿ ಡಿಕ್ಕಿ ನೋಡಿದರು. ಮುಖ ಅರಳಿತು. ಆಮೇಲೆ ಹಿಂದಿನ ಎಡ ಚಕ್ರದ ಮೇಲೆ ಬೆರಳಿಟ್ಟರು.

"ಇದು ಇರಲಿಲ್ಲ. ಮದ್ದೂರಿನ ಹತ್ತಿರ ಕಬ್ಬಿನ ಗದ್ದೆಗೆ ಹಾರಿಹೋಗಿತ್ತು. ವಡೆ ತಿನ್ನೋಕೆ ನಿಲ್ಲಿಸಿದಾಗ ನೋಡಿದ್ದು. ಕೊನೇವರೆಗೂ ಹಾಕಿಸಲೇ ಇಲ್ಲ."

ಸೀನಿ ಏನೂ ಹೇಳದೆ ಸೇಫ್ಟಿ ಪಿನ್ ತಂದು ಮೀಟಿದ. ಟಿಣ್ ಅಂತ ಕ್ಯಾಪ್ ಹಾರಿ, ನೆಲದ ಮೇಲೆ ಉರುಳಿ, ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಪದ್ಮಾಳ ಕಾಲ ಹತ್ತಿರ ನಿಂತಿತು. ಅವಳು ತಟ್ಟೆ ಕೆಳಗಿಟ್ಟು, ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದಳು.

"ನಾಲ್ಕು ಜೊತೆಯಲ್ಲಿ ಒಂದೊಂದು ಹೋಳು ಮಾತ್ರ ಇದೆ ಅಂತ ವಾರದಿಂದ ಮನೆಯೆಲ್ಲ ಹುಡುಕ್ತಾ ಇದ್ದೀನಿ" ಎಂದಳು. ಆಮೇಲೆ ಸೀನಿಯ ಕಡೆ ತಿರುಗಿಯೂ ನೋಡದೆ ಮಾವನಿಗೆ ಕಾಫಿ ಕೊಟ್ಟು, ಪಕ್ಕದಲ್ಲೇ ಕೂತಳು.

"ಮಾವ, ಸ್ವಲ್ಪ ಜ್ಞಾಪಿಸಿಕೊಳ್ಳಿ. ಇನ್ನು ಮೂರೂ ಎಲ್ಲೆಲ್ಲಿ ಬಿದ್ದುಹೋಗಿದ್ದವು?"