ಕೋಡ್ ಎಐ ಬರೆಯುವುದಾದರೆ ನಾನು ಏನು ಕಲಿಯಬೇಕು? (ಬಾಗಲಕೋಟೆ, 6ನೇ ಸೆಮ್)

ನವನಗರ_ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಓದುತ್ತಿದ್ದೇನೆ. ಮುಂದಿನ ಸೆಮ್‌ನಲ್ಲಿ ಪ್ಲೇಸ್‌ಮೆಂಟ್ ಶುರುವಾಗುತ್ತದೆ. ಲ್ಯಾಬ್‌ನಲ್ಲಿ ಪ್ರೋಗ್ರಾಂ ಅನ್ನು ಇನ್ನೂ ರೆಕಾರ್ಡ್ ಪುಸ್ತಕದಲ್ಲಿ ಪೆನ್ನಿನಿಂದ ಬರೆಸುತ್ತಾರೆ. ಹಾಸ್ಟೆಲಿಗೆ ಬಂದು ಅದನ್ನೇ ಕೋಡ್ ಬರೆಯುವ ಎಐ ಟೂಲ್ ಆದ ಕೋಪೈಲಟ್‌ಗೆ ಕೇಳಿದರೆ ಚಹಾ ಆರುವುದರೊಳಗೆ ಬರೆದುಕೊಡುತ್ತದೆ. ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಮೇಡಂ ಪಕ್ಕದ ಟೀಮಿನವರಿಗೆ ಒಂದು ಫಂಕ್ಷನ್ ತೋರಿಸಿ "ಇದು ಇಲ್ಲಿ ಯಾಕಿದೆ?" ಅಂದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಆದರೂ ಮಾರ್ಕ್ಸ್ ಚೆನ್ನಾಗಿಯೇ ಬಂತು!

ಟಿಸಿಎಸ್‌ನವರು 12,000 ಜನರನ್ನು ತೆಗೆಯುತ್ತಾರೆ ಅಂತ 2025ರ ಜುಲೈನಲ್ಲಿ ಸುದ್ದಿ ಬಂತಲ್ಲ, ಅವತ್ತಿನಿಂದ ಅಪ್ಪ "ಸುಮ್ನೆ ಬ್ಯಾಂಕ್ ಪರೀಕ್ಷೆಗೆ ಓದು" ಅಂತಿದ್ದಾರೆ. ಲಿಂಕ್ಡ್ ಲಿಸ್ಟ್, ಟ್ರೀ (ಪ್ರೋಗ್ರಾಂನಲ್ಲಿ ಡೇಟಾ ಜೋಡಿಸಿಡುವ ವಿಧಾನಗಳು) ಎಲ್ಲ ಈಗಲೂ ಕೂತು ಅಭ್ಯಾಸ ಮಾಡಬೇಕಾ? ಅಥವಾ ಆ ಹೊತ್ತಿನಲ್ಲಿ ಎಐ ಟೂಲ್ ಕಲಿಯುವುದು ಒಳ್ಳೆಯದಾ? ಕೆಲಸದಲ್ಲಿ ಇರುವವರು ಹೇಳಿ.

ವಿಜಯಪುರ_ಟು_ಬೆಂಗಳೂರು:

ಟೂಲ್ ಕಲಿಯಿರಿ. ಕರ್ಸರ್, ಕ್ಲಾಡ್ ಕೋಡ್, ಯಾವುದಾದರೂ ಒಂದು. ನಮ್ಮ ಟೀಮಿನಲ್ಲಿ ಕೈಯಿಂದ ಕೋಡ್ ಟೈಪ್ ಮಾಡುವವರೇ ಕಡಿಮೆ. ಗೂಗಲ್‌ನಲ್ಲಿ ಹೊಸ ಕೋಡಿನ ಕಾಲು ಭಾಗಕ್ಕಿಂತ ಜಾಸ್ತಿ ಎಐ ಬರೆಯುತ್ತದೆ, ಎಂಜಿನಿಯರ್‌ಗಳು ನೋಡಿ ಒಪ್ಪುತ್ತಾರೆ ಅಂತ ಸುಂದರ್ ಪಿಚೈ 2024ರಲ್ಲೇ ಹೇಳಿದ್ದರು. ಟ್ರೀ ತಿರುಗಿಸುತ್ತಾ ಕೂತರೆ ಬಸ್ ಹೋಗಿಬಿಡುತ್ತದೆ.

ಉದ್ಯಮಬಾಗ_ಸಾಫ್ಟ್‌ವೇರ್:

ವಿಜಯಪುರದ ತಮ್ಮನ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. "ನೋಡಿ ಒಪ್ಪುತ್ತಾರೆ" ಅನ್ನುವುದನ್ನು ಅವನು ಬೇಗ ದಾಟಿಬಿಟ್ಟ.

ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಸ್ಟಾಕ್, ಚಲನ್ (ಮಾಲಿನ ಜೊತೆ ಹೋಗುವ ಚೀಟಿ), ಬಿಲ್ಲಿನ ಪ್ರೋಗ್ರಾಂ ಮಾಡಿಕೊಡುತ್ತೇವೆ. ಎಐ ದಿನಾ ಬಳಸುತ್ತೇವೆ. ಮೊದಲು ಒಬ್ಬ ಹುಡುಗ ವಾರಗಟ್ಟಲೆ ಕೂರುತ್ತಿದ್ದ ರಿಪೋರ್ಟ್ ಸ್ಕ್ರೀನ್ ಈಗ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಹಾಗಾಗಿ ಬರೀ ಸ್ಕ್ರೀನ್ ಮಾಡುವುದಕ್ಕೆ ಅಂತ ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದೇನೆ. ಕೇಳಲು ಕಹಿ, ಆದರೆ ನಿನಗೆ ಸುಳ್ಳು ಯಾಕೆ ಹೇಳಲಿ ತಂಗಿ. (ಚಿಕ್ಕವಳು ಅಂತ ನೀನು ಅಂತಿದ್ದೇನೆ, ಬೇಜಾರಾಗಬೇಡ.)

ಈಗ ಇನ್ನರ್ಧ. ಫೌಂಡ್ರಿಯವರು ಎರಕ ಹೊಯ್ದ ಭಾಗಗಳನ್ನು, ಅಂದರೆ ಕಾಸ್ಟಿಂಗ್‌ಗಳನ್ನು ಮಷಿನಿಂಗ್‌ಗೆ ಬೇರೆ ಶಾಪ್‌ಗೆ ಕಳಿಸುತ್ತಾರೆ. ಜಾಬ್ ವರ್ಕ್. ಮಾಲು ಚಲನ್ ಮೇಲೆ ಹೋಗುತ್ತದೆ, ಆಗ ತೆರಿಗೆ ಇಲ್ಲ. ಆದರೆ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ 1 ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟ ಆಗಬೇಕು. ಯಂತ್ರದಂಥ ಕ್ಯಾಪಿಟಲ್ ಗೂಡ್ಸ್ ಆದರೆ 3 ವರ್ಷ. ಗಡುವು ದಾಟಿದರೆ ಕಳಿಸಿದ ದಿನವೇ ಮಾರಿದ ಲೆಕ್ಕ, ತೆರಿಗೆ ತಲೆ ಮೇಲೆ ಬರುತ್ತದೆ. ಗಡುವು ಹತ್ತಿರ ಬಂದ ಚಲನ್‌ಗಳನ್ನು ತೋರಿಸುವ ಪಟ್ಟಿಯನ್ನು ನಮ್ಮ ಹೊಸ ಹುಡುಗ ಎಐನಿಂದ ಮಾಡಿಸಿದ. ಕೋಡ್ ನೋಡಲು ಚೆಂದ. ಟೆಸ್ಟ್ ಎಲ್ಲ ಹಸಿರು. ಗಿರಾಕಿಯ ಹಳೆ ಡೇಟಾ ಹಾಕಿದರೆ ಗಡುವು ದಾಟಿದೆ ಅಂತ ಸ್ಕ್ರೀನ್ ತುಂಬ ಕೆಂಪು! ಅವರ ಅಕೌಂಟ್ಸ್ ನೋಡುವ ಕಾಕಾ ಒಂದು ಸಲ ಕಣ್ಣಾಡಿಸಿ ನಕ್ಕರು. ಮಾಲಿನ ಜೊತೆ ಹೋಗಿದ್ದ, ಮಷಿನಿಂಗ್ ವೇಳೆ ಮಾಲನ್ನು ಹಿಡಿದಿಡುವ ಜಿಗ್, ಫಿಕ್ಸ್‌ಚರ್‌ಗಳನ್ನೂ ಪ್ರೋಗ್ರಾಂ ಎಣಿಸಿತ್ತು. ಡೈ, ಜಿಗ್, ಫಿಕ್ಸ್‌ಚರ್, ಟೂಲ್‌ಗಳಿಗೆ ಕಾಯ್ದೆಯಲ್ಲಿ ಈ ಗಡುವೇ ಇಲ್ಲ. ಅವು ಮಷೀನ್ ಶಾಪ್‌ನಲ್ಲೇ ವರ್ಷಗಟ್ಟಲೆ ಇರುತ್ತವೆ.

ಮತ್ತೆ ಟೆಸ್ಟ್ ಹೇಗೆ ಪಾಸಾಯಿತು? ಟೆಸ್ಟ್ ಬರೆದದ್ದೂ ಅದೇ ಎಐ. ತಾನೇ ಪರೀಕ್ಷೆ ಬರೆದು ತಾನೇ ಪೇಪರ್ ತಿದ್ದಿಕೊಂಡ ಹಾಗೆ. ಸರಿ ಮಾಡಲು ಒಂದೇ ಸಾಲು ಸಾಕಾಯಿತು. ಆದರೆ ಆ ಸಾಲು ಬೇಕು ಅಂತ ಗೊತ್ತಾಗಲು ಚಲನ್ ಓದಲು ಬರಬೇಕು, ಕಾಕಾನ ಹತ್ತಿರ ಹೋಗಿ ಕೂರಬೇಕು. ನಾನು ಸಂಬಳ ಕೊಡುವುದು ಅದಕ್ಕೆ.

ಲಿಂಕ್ಡ್ ಲಿಸ್ಟ್ ವಿಷಯ: ಕಲಿ. ಕಂಠಪಾಠ ಬೇಡ. ಎಐ ಕೊಟ್ಟ ಕೋಡ್ ಒಂದೊಂದು ಚಲನ್‌ಗೂ ಮತ್ತೆ ಮತ್ತೆ ಡೇಟಾಬೇಸ್‌ಗೆ ಹೋಗುತ್ತಿರುತ್ತದೆ. ಐವತ್ತು ಚಲನ್ ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಚ್ ಕೊನೆಗೆ ಇಡೀ ವರ್ಷದ್ದು ತೆಗೆದಾಗ ಸ್ಕ್ರೀನ್ ಹೆಪ್ಪುಗಟ್ಟಿ ನಿಲ್ಲುತ್ತದೆ, ನನ್ನ ಫೋನ್ ಬಡಿದುಕೊಳ್ಳುತ್ತದೆ. ಲಿಸ್ಟ್, ಟ್ರೀ ಕಲಿಯುತ್ತಾ ಲೂಪ್ (ಮತ್ತೆ ಮತ್ತೆ ನಡೆಯುವ ಸಾಲುಗಳು) ಎಷ್ಟು ಸಲ ತಿರುಗುತ್ತದೆ ಅಂತ ಲೆಕ್ಕ ಹಾಕಿ ಗೊತ್ತಿದ್ದವರಿಗೆ ಅದು ಓದುವಾಗಲೇ ಕಾಣುತ್ತದೆ.

ಇಂಟರ್‌ವ್ಯೂನಲ್ಲಿ ಈಗ ನಾನು ಕೋಡ್ ಬರೆಸುವುದಿಲ್ಲ. ಎಐ ಬರೆದ ಒಂದು ಪುಟ ಕೊಟ್ಟು, ಇದರಲ್ಲಿ ಏನು ಸರಿಯಿಲ್ಲ ಅಂತ ಕೇಳುತ್ತೇನೆ. ಬೇಕಾದರೆ ಎಐ ಕೂಡ ಬಳಸಿ ಅನ್ನುತ್ತೇನೆ. ಜಾಸ್ತಿ ಜನ ಸ್ಪೇಸಿಂಗ್, ಕಾಮೆಂಟ್ ಸರಿ ಮಾಡಿ ವಾಪಸ್ ಕೊಡುತ್ತಾರೆ.

ಟೆಸ್ಟಿಂಗ್_ಅಕ್ಕ_ಬೆಳಗಾವಿ:

ಅಪ್ಪನಿಗೆ ಹೇಳಲು ಸ್ವಲ್ಪ ವಿವರ. ಟಿಸಿಎಸ್ ಆಗ ಹೇಳಿದ್ದು ಒಟ್ಟು ಉದ್ಯೋಗಿಗಳಲ್ಲಿ ಸುಮಾರು 2%, ಅದೂ ಮುಖ್ಯವಾಗಿ ಮಧ್ಯಮ ಮತ್ತು ಮೇಲಿನ ಹುದ್ದೆಯವರು. ಹಾಗಂತ ಹೊಸಬರಿಗೆ ಚಿಂತೆ ಇಲ್ಲ ಅಂತಲ್ಲ. ಸ್ಟ್ಯಾನ್‌ಫರ್ಡ್‌ನವರು 2025ರ ಆಗಸ್ಟ್‌ನಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ನೋಡಿದರು. ಎಐ ಹೆಚ್ಚು ನುಗ್ಗಿದ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಬೇರೆಯವರಿಗೆ ಹೋಲಿಸಿದರೆ 13% ಇಳಿದಿತ್ತು. ಅದೇ ಕೆಲಸಗಳಲ್ಲಿ ಅನುಭವ ಇದ್ದವರು ಅಲ್ಲಾಡಿರಲಿಲ್ಲ.

ಇನ್ನೊಂದು ತಮಾಷೆ. ಮೀಟರ್ (METR) ಅನ್ನುವ ಎಐ ಸಂಶೋಧನಾ ಸಂಸ್ಥೆ ಅದೇ ವರ್ಷ 16 ಅನುಭವಿ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟ್‌ಗಳಲ್ಲಿ 246 ಕೆಲಸ ಮಾಡಿಸಿ ನೋಡಿತು. ಎಐ ಬಳಸಿದಾಗ 19% ಸಮಯ ಜಾಸ್ತಿಯೇ ಹಿಡಿಯಿತು. ಮುಗಿದ ಮೇಲೂ ಅವರು ತಾವು 20% ಬೇಗ ಮುಗಿಸಿದೆವು ಅಂತಲೇ ನಂಬಿದ್ದರು.

ವಿಜಯಪುರ_ಟು_ಬೆಂಗಳೂರು:

ಅಕ್ಕಾ, ಅದು 2025ರ ಶುರುವಿನ ಟೂಲ್‌ಗಳ ಲೆಕ್ಕ. ಅವರೆಲ್ಲ ತಮ್ಮ ಕೋಡನ್ನು ಅಂಗೈಯಂತೆ ಬಲ್ಲವರು. ನನಗೆ ಗೊತ್ತಿಲ್ಲದ ಕೋಡಿಗೆ ಹೋದಾಗ ಎಐ ಇಲ್ಲದೆ ಎರಡು ದಿನ ಕಣ್ಣು ಬಿಡಬೇಕಾಗುತ್ತದೆ. ಆದರೆ ಆ ಫಿಕ್ಸ್‌ಚರ್ ವಿಷಯ ನನಗೂ ಹೊಳೆಯುತ್ತಿರಲಿಲ್ಲ ಬಿಡಿ.

ನವನಗರ_ವಿದ್ಯಾರ್ಥಿನಿ:

ಥ್ಯಾಂಕ್ಸ್ ಅಣ್ಣಾ, ಅಕ್ಕಾ. ಫೌಂಡ್ರಿ ಬೆಳಗಾವಿಯಲ್ಲಿದೆ, ನನಗೆ ಇಲ್ಲಿ ಅಂಥ ಕೆಲಸ ಯಾರು ಕೊಡುತ್ತಾರೆ? ಬನಹಟ್ಟಿಯಲ್ಲಿ ನಮ್ಮ ಸೋದರಮಾವ ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುತ್ತಾರೆ. ಲೆಕ್ಕ ಎಲ್ಲ ಉದ್ದನೆಯ ಬುಕ್ಕಿನಲ್ಲಿ. ಅದು ನಡೆಯುತ್ತದಾ?

ಉದ್ಯಮಬಾಗ_ಸಾಫ್ಟ್‌ವೇರ್:

ನಡೆಯುತ್ತದಾ ಅಂತ ಕೇಳುತ್ತೀಯಲ್ಲ! ರಜೆಯಲ್ಲಿ ಬನಹಟ್ಟಿಗೆ ಹೋಗು. ಮೊದಲು ಲ್ಯಾಪ್‌ಟಾಪ್ ತೆಗೆಯಬೇಡ, ಬುಕ್ ಓದು. ಕೊಟ್ಟ ನೂಲಿನ ತೂಕಕ್ಕೂ ಬಂದ ಸೀರೆಯ ತೂಕಕ್ಕೂ ವ್ಯತ್ಯಾಸ ಬಂದರೆ ಎಷ್ಟರವರೆಗೆ ಮಾವ ಸುಮ್ಮನಿರುತ್ತಾರೆ? ಸೀರೆಯಲ್ಲಿ ದೋಷ ಇದ್ದರೆ ಮಜೂರಿ ಪೂರ್ತಿ ಕಡಿತವೋ ಅರ್ಧವೋ? ಮುಂಗಡ ತೆಗೆದುಕೊಂಡವರು ನಡುವೆ ಮಗ್ಗ ನಿಲ್ಲಿಸಿದರೆ ಬಾಕಿ ಎಲ್ಲಿ ಬರೆಯುತ್ತಾರೆ? ಇವನ್ನೆಲ್ಲ ಕನ್ನಡದಲ್ಲೇ ಹಾಳೆ ಮೇಲೆ ಬರೆದುಕೋ. ಹಳೆ ಬುಕ್ಕಿನ ಒಂದು ತಿಂಗಳ ಲೆಕ್ಕವನ್ನು ನೀನೇ ಕೈಯಿಂದ ಕೂಡಿಸಿ ಪಕ್ಕಕ್ಕಿಡು. ಆಮೇಲೆ ಕೋಡ್ ಬೇಕಾದರೆ ಎಐನಿಂದಲೇ ಬರೆಸು. ಎರಡೂ ಲೆಕ್ಕ ತಾಳೆಯಾಗುವವರೆಗೆ ಅದನ್ನು ನಂಬಬೇಡ.

ಹಾಂ, ನೇಕಾರರ ಹೆಸರು, ಫೋನ್ ನಂಬರ್, ಸಾಲದ ಬಾಕಿ ಯಾವುದನ್ನೂ ಎಐಗೆ ಹಾಕಬೇಡ. ಒಂದು, ಎರಡು ಅಂತ ನಂಬರ್ ಕೊಡು, ಸಾಕು. ಮುಗಿದ ಮೇಲೆ ಇಲ್ಲೇ ಲಿಂಕ್ ಹಾಕು, ನಾನು ನೋಡುತ್ತೇನೆ.