ತೊಂಬತ್ತು ವ್ಯಾಟಿನ ಅಡಾಪ್ಟರ್ ತರಬಹುದೇ? ಮನೆಯ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ (ಶಿವಮೊಗ್ಗ): [ಹಲವು ಬಾರಿ ಫಾರ್ವರ್ಡ್ ಆದ ಸಂದೇಶ] ಎಚ್ಚರಿಕೆ! ಲ್ಯಾಪ್‌ಟಾಪ್ ಜೊತೆ ಬಂದ ಅಡಾಪ್ಟರ್‌ಗಿಂತ ಹೆಚ್ಚು ಆಂಪಿಯರ್ ಇರುವುದನ್ನು ಹಾಕಿದರೆ ಹೆಚ್ಚುವರಿ ಕರೆಂಟ್ ಒಳಗೆ ನುಗ್ಗಿ ಬ್ಯಾಟರಿ ಸ್ಫೋಟಗೊಳ್ಳುತ್ತದೆ. ಲ್ಯಾಪ್‌ಟಾಪ್ ಎಷ್ಟು ವಿದ್ಯುತ್ ಎಳೆಯುತ್ತದೆಂದು ತಿಳಿಯಲು ಅಡಾಪ್ಟರ್ ಮೇಲೆ ಬರೆದಿರುವ 240 ವೋಲ್ಟನ್ನು 1.7 ಆಂಪಿಯರ್‌ನಿಂದ ಗುಣಿಸಿ. 408 ವ್ಯಾಟ್! ಇನ್ವರ್ಟರ್ ಮೇಲೆ ಲ್ಯಾಪ್‌ಟಾಪ್ ಬಳಸಲೇಬೇಡಿ. ಎಲ್ಲರಿಗೂ ತಲುಪಿಸಿ.

ಭಾವ (ಹುಬ್ಬಳ್ಳಿ): ಮಾವನವರೇ, ಸರಿಯಾದ ಹೊತ್ತಿಗೆ ಕಳುಹಿಸಿದಿರಿ. ಮಗಳ ಲ್ಯಾಪ್‌ಟಾಪಿನ ಅಡಾಪ್ಟರ್ ವೈರು ಪಿನ್ನಿನ ಬುಡದಲ್ಲೇ ಕಿತ್ತುಹೋಗಿದೆ. ಅದರ ಮೇಲೆ 19.5 ವೋಲ್ಟ್, 3.34 ಆಂಪಿಯರ್, 65 ವ್ಯಾಟ್ ಎಂದಿದೆ. ಅಂಗಡಿಯವರು ಅದೇ ಕಂಪನಿಯ 4.62 ಆಂಪಿಯರಿನ, ಅಂದರೆ 90 ವ್ಯಾಟಿನದನ್ನು ಒಯ್ಯಿರಿ ಎನ್ನುತ್ತಿದ್ದಾರೆ. ಇದನ್ನು ಓದಿದ ಮೇಲೆ ಅದು ಬೇಡವೆನಿಸಿತು. ಅವರಲ್ಲಿ 45 ವ್ಯಾಟಿನದೂ ಇದೆ; ಕಡಿಮೆ ಇದ್ದರೆ ಅಪಾಯವೂ ಕಡಿಮೆಯಲ್ಲವೇ, ಅದನ್ನೇ ತರುತ್ತೇನೆ.

ನಾನು: ಭಾವ, ದಯವಿಟ್ಟು 45 ವ್ಯಾಟಿನದನ್ನು ತರಬೇಡಿ. ಈ ಸಂದೇಶ ಬರೆದವರು ಎರಡು ಕಡೆ ಎಡವಿದ್ದಾರೆ. ಅಡಾಪ್ಟರ್ ಕರೆಂಟನ್ನು ಒಳಗೆ ತಳ್ಳುವುದಿಲ್ಲ, ಅದು 19.5 ವೋಲ್ಟನ್ನು ಸ್ಥಿರವಾಗಿ ಹಿಡಿದು ನಿಲ್ಲಿಸುತ್ತದೆ, ಎಷ್ಟು ಆಂಪಿಯರ್ ಎಳೆದುಕೊಳ್ಳಬೇಕು ಎಂಬುದನ್ನು ಲ್ಯಾಪ್‌ಟಾಪ್ ತನ್ನ ಆ ಕ್ಷಣದ ಕೆಲಸಕ್ಕೆ ತಕ್ಕಂತೆ ನಿರ್ಧರಿಸುತ್ತದೆ. ಲೇಬಲ್ ಮೇಲಿನ 4.62 ಎಂಬುದು ಅಡಾಪ್ಟರ್ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಮಿತಿಯೇ ಹೊರತು ಯಾವಾಗಲೂ ಅಷ್ಟನ್ನೇ ಕೊಡುತ್ತದೆ ಎಂದಲ್ಲ. ನಿಮ್ಮ ಮನೆಯ ಗೀಸರ್‌ನ 16 ಆಂಪಿಯರ್ ಸಾಕೆಟ್ಟಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿದರೆ ಅದು ಸುಟ್ಟುಹೋಗುತ್ತದೆಯೇ?

ಚಿಕ್ಕಪ್ಪ (ಶಿವಮೊಗ್ಗ): ಹಾಗಾದರೆ ಫ್ಯೂಸ್ ಏಕೆ ಹಾರುತ್ತದೆ? ಆಂಪಿಯರ್ ಮೀರಿತೆಂದೇ ಅಲ್ಲವೇ? ಆಂಪಿಯರ್ ಲೆಕ್ಕಕ್ಕೇ ಇಲ್ಲ ಎಂದು ಮಕ್ಕಳಿಗೆ ಹೇಳಿಕೊಡಬೇಡಪ್ಪ.

ನಾನು: ಚಿಕ್ಕಪ್ಪ, ಆಂಪಿಯರ್ ಲೆಕ್ಕಕ್ಕಿಲ್ಲ ಎಂದು ನಾನು ಹೇಳಿಲ್ಲ. ಫ್ಯೂಸ್ ಹಾರುವುದು ಸಾಕೆಟ್ ಹೆಚ್ಚು ಕೊಟ್ಟಿತೆಂದಲ್ಲ. ಅದಕ್ಕೆ ಹಾಕಿದ ಇಸ್ತ್ರಿಪೆಟ್ಟಿಗೆಯೋ ಶಾರ್ಟ್ ಆದ ವೈರೋ ಹೆಚ್ಚು ಎಳೆಯಿತೆಂದು. ಅದೇ ನಿಯಮದ ಪ್ರಕಾರ ಇಲ್ಲಿ ಸಂಕಟಕ್ಕೆ ಸಿಲುಕುವುದು ಸಣ್ಣ ಅಡಾಪ್ಟರ್. 65 ವ್ಯಾಟ್ ಎಳೆಯಬಲ್ಲ ಲ್ಯಾಪ್‌ಟಾಪಿಗೆ 45 ವ್ಯಾಟಿನದನ್ನು ಕೊಟ್ಟರೆ ಅದು ಬಿಸಿಯಾಗುತ್ತದೆ, ಇಲ್ಲವೇ ರಕ್ಷಣೆಗಾಗಿ ತಾನೇ ಆಫ್ ಆಗುತ್ತದೆ. ಲ್ಯಾಪ್‌ಟಾಪ್ ಜಾಣತನದ್ದಾದರೆ ಪ್ರೊಸೆಸರ್ ವೇಗವನ್ನು ತಗ್ಗಿಸಿಕೊಂಡು ಹೇಗೋ ನಡೆಸುತ್ತದೆ. ಹೊಂದಲೇಬೇಕಾದದ್ದು ವೋಲ್ಟ್. ಆಂಪಿಯರ್ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು.

ಇನ್ನು 408ರ ವಿಷಯ. ಗುಣಿಸಬೇಕಾದದ್ದು ಲೇಬಲ್‌ನ ಔಟ್‌ಪುಟ್ (ಲ್ಯಾಪ್‌ಟಾಪಿಗೆ ಕೊಡುವ) ಸಾಲನ್ನು, ಇನ್‌ಪುಟ್ (ಗೋಡೆಯಿಂದ ಎಳೆಯುವ) ಸಾಲನ್ನಲ್ಲ. 19.5 ಗುಣಿಸು 3.34 ಎಂದರೆ 65 ವ್ಯಾಟ್, 4.62ರಿಂದ ಗುಣಿಸಿದರೆ 90. ಇನ್‌ಪುಟ್ ಸಾಲಿನಲ್ಲಿ ವೋಲ್ಟ್ 100ರಿಂದ 240 ಎಂದಿರುತ್ತದೆ; ಅಲ್ಲಿರುವ 1.7 ಆಂಪಿಯರ್ ಎಂಬುದು 100 ವೋಲ್ಟ್ ಪೂರೈಕೆಯಿರುವ ಜಪಾನ್‌ನಂಥ ದೇಶದಲ್ಲಿ ಪೂರ್ಣ ಹೊರೆ ಬಿದ್ದಾಗ ಒದಗಬಹುದಾದ ಗರಿಷ್ಠ ಪ್ರಮಾಣ. ವೋಲ್ಟ್ ಏರಿದಂತೆ ಈ ಆಂಪಿಯರ್ ಇಳಿಯುತ್ತದೆ. ಒಂದು ತುದಿಯ ವೋಲ್ಟನ್ನು ಇನ್ನೊಂದು ತುದಿಯ ಆಂಪಿಯರಿನೊಂದಿಗೆ ಗುಣಿಸಿದರೆ ಬರುವ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

ಅಕ್ಕನ ಮಗಳು: ಮಾವ, ನನ್ನ ಲ್ಯಾಪ್‌ಟಾಪಿನ ಲೆಕ್ಕ ನನ್ನ ಬಳಿಯೇ ಇದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ; ಬ್ಯಾಟರಿ ಹಿಡಿಯುವ ಶಕ್ತಿ ಹೊಸದರಲ್ಲಿ 42 ವ್ಯಾಟ್-ಅವರ್ ಇದ್ದದ್ದು ಈಗ 33.6ಕ್ಕೆ ಇಳಿದಿದೆ. ತರಗತಿಯಲ್ಲಿ ಎರಡೂವರೆ ಗಂಟೆ ಬರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಪ್ಲಗ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ಇದೆ. ವೈರು ಕೀಳುವ ಮೊದಲು ಒಮ್ಮೆ ನೋಡಿದಾಗ ಬ್ಯಾಟರಿ ತುಂಬಿದ್ದು ಬರೀ ಟೈಪ್ ಮಾಡುತ್ತಿದ್ದರೆ 15 ವ್ಯಾಟ್, ಬ್ಯಾಟರಿ ಖಾಲಿಯಿದ್ದು ಪ್ರಾಜೆಕ್ಟ್ ಕಂಪೈಲ್ ಮಾಡುತ್ತಿದ್ದರೆ 58 ವ್ಯಾಟ್ ತೋರಿಸಿತು.

ನಾನು: ಶಹಬ್ಬಾಸ್! ಗುಂಪಿನಲ್ಲಿ ಇಂದು ಬಂದ ಮೊದಲ ನಿಜವಾದ ಅಂಕಿ ಇದು. 33.6 ಅನ್ನು ಎರಡೂವರೆಯಿಂದ ಭಾಗಿಸಿದರೆ ಸುಮಾರು 13.4 ವ್ಯಾಟ್, ಸಾಮಾನ್ಯ ಕೆಲಸಕ್ಕೆ ಲ್ಯಾಪ್‌ಟಾಪ್ ತಿನ್ನುವುದು ಅಷ್ಟೇ. ಗೋಡೆಯ ಬಳಿ 15 ತೋರಿಸಿದ್ದಕ್ಕೂ ಅದು ಹೊಂದುತ್ತದೆ, ಏಕೆಂದರೆ ಅಡಾಪ್ಟರ್ ಒಳಗೇ ಶೇಕಡಾ ಹತ್ತು ಹನ್ನೆರಡರಷ್ಟು ಶಾಖವಾಗಿ ಹೋಗುತ್ತದೆ. ಅದೇ ಲೆಕ್ಕದಲ್ಲಿ 58 ವ್ಯಾಟ್ ಎಂದರೆ ಲ್ಯಾಪ್‌ಟಾಪಿಗೆ ತಲುಪಿದ್ದು ಸುಮಾರು 51. ಭಾವ, 45 ವ್ಯಾಟಿನದು ಏಕೆ ಸಾಲದು ಎಂಬುದಕ್ಕೆ ನಿಮ್ಮ ಮಗಳೇ ಉತ್ತರ ಕೊಟ್ಟಿದ್ದಾಳೆ.

ಚಿಕ್ಕಪ್ಪ (ಶಿವಮೊಗ್ಗ): ಲೆಕ್ಕ ಒಪ್ಪಿದೆ. ಆದರೆ ಇನ್ವರ್ಟರ್ ವಿಷಯದಲ್ಲಿ ಸಂದೇಶ ಪೂರಾ ಸುಳ್ಳೆಂದು ಹೇಳಬೇಡ. ನಮ್ಮ ಮನೆಯಲ್ಲಿ ಎರಡು ಲ್ಯಾಪ್‌ಟಾಪ್, ಮೂರು ಫ್ಯಾನ್ ಒಟ್ಟಿಗೆ ಹಾಕಿದರೆ ಓವರ್‌ಲೋಡ್ ದೀಪ ಹೊತ್ತಿಕೊಳ್ಳುತ್ತದೆ.

ನಾನು: ಅಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ಇನ್ವರ್ಟರ್‌ನ ಸಾಮರ್ಥ್ಯವನ್ನು ವಿಎಯಲ್ಲಿ (ವೋಲ್ಟನ್ನು ಎಳೆದ ಒಟ್ಟು ಆಂಪಿಯರಿನಿಂದ ಗುಣಿಸಿದ್ದು) ಹೇಳುತ್ತಾರೆ, ವ್ಯಾಟಿನಲ್ಲಲ್ಲ; ವ್ಯಾಟ್ ಎಂದರೆ ಅದರಲ್ಲಿ ನಿಜವಾಗಿ ಬಳಕೆಯಾಗುವ ಭಾಗ, ಆ ಅನುಪಾತವೇ ಪವರ್ ಫ್ಯಾಕ್ಟರ್. 75 ವ್ಯಾಟಿನೊಳಗಿನ ಅಡಾಪ್ಟರ್‌ಗಳಲ್ಲಿ ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಪೂರ್ಣ ಹೊರೆಯಲ್ಲಿ ಗೋಡೆಯಿಂದ 74 ವ್ಯಾಟ್ ಎಳೆಯುವ ಅಡಾಪ್ಟರ್ ಇನ್ವರ್ಟರ್ ಮೇಲೆ 120ರಿಂದ 150 ವಿಎ ಹೊರೆ ಹಾಕಬಹುದು. ಕರೆಂಟ್ ಬಿಲ್ಲಿಗೆ ಬರುವುದು ಮಾತ್ರ ವ್ಯಾಟಿನ ಲೆಕ್ಕವೇ. ಕರೆಂಟ್ ಹೋದಾಗ ಎರಡರಲ್ಲಿ ಒಂದನ್ನಾದರೂ ಬ್ಯಾಟರಿ ಮೇಲೆ ಓಡಿಸಿ. 408 ಮಾತ್ರ ಆಗಲೂ ಬರುವುದಿಲ್ಲ, ಚಿಕ್ಕಪ್ಪ.

ಅಕ್ಕನ ಮಗಳು: ಅಡಾಪ್ಟರ್ ಬರುವವರೆಗೆ ರೂಮ್‌ಮೇಟ್‌ನ 67 ವ್ಯಾಟಿನ ಫೋನ್ ಚಾರ್ಜರನ್ನು ಟೈಪ್-ಸಿ ಪೋರ್ಟಿಗೆ ಹಾಕಿದೆ. ಚಾರ್ಜ್ ನಿಧಾನವಾಗುತ್ತಿದೆ ಎಂಬ ಸೂಚನೆ ಬರುತ್ತಿದೆ. 67 ಎಂದರೆ 65ಕ್ಕಿಂತ ಹೆಚ್ಚಲ್ಲವೇ?

ನಾನು: ಆ 67 ವ್ಯಾಟ್ ಆ ಫೋನ್ ಕಂಪನಿಯ ಸ್ವಂತ ಫಾಸ್ಟ್ ಚಾರ್ಜಿಂಗ್ ಪದ್ಧತಿಯಲ್ಲಿ ಮಾತ್ರ ಸಿಗುವುದಾಗಿರಬೇಕು. ಟೈಪ್-ಸಿಯಲ್ಲಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ; ಲ್ಯಾಪ್‌ಟಾಪ್ ಪವರ್ ಡೆಲಿವರಿ ಎಂಬ ಒಪ್ಪಂದದ ಮೂಲಕ ಕೇಳಿ, ಚಾರ್ಜರ್ ಒಪ್ಪಿದ ಮೇಲೆಯೇ 20 ವೋಲ್ಟ್ ಬರುತ್ತದೆ. ಚಾರ್ಜರ್ ಮೇಲೆ 20 ವೋಲ್ಟ್, 3.25 ಆಂಪಿಯರ್ ಎಂಬ ಸಾಲು ಇದೆಯೇ ನೋಡು. ಸಾಧಾರಣ ಟೈಪ್-ಸಿ ಕೇಬಲ್ ಹೊರುವುದು 3 ಆಂಪಿಯರ್, ಅಂದರೆ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು.

ಭಾವ (ಹುಬ್ಬಳ್ಳಿ): ಹಾಗಾದರೆ 90 ವ್ಯಾಟಿನದನ್ನೇ ತರಲೇ? ಪಕ್ಕದ ಅಂಗಡಿಯಲ್ಲಿ ಇದರ ಅರ್ಧ ಬೆಲೆಗೆ ವೋಲ್ಟ್ ಬದಲಿಸುವ ಸ್ವಿಚ್ ಇರುವ ಯೂನಿವರ್ಸಲ್ ಅಡಾಪ್ಟರ್ ಕೂಡ ಸಿಗುತ್ತದೆ.

ನಾನು: ಆ ಸ್ವಿಚ್ಚೇ ಬೇಡ, ಭಾವ. ಹಾಸ್ಟೆಲಿನಲ್ಲಿ ಯಾರೋ ಅದನ್ನು 24ಕ್ಕೆ ತಿರುಗಿಸಿಟ್ಟರೆ ಲ್ಯಾಪ್‌ಟಾಪ್ ನಿಜಕ್ಕೂ ಹೋಗುತ್ತದೆ. 90 ವ್ಯಾಟಿನದೇ ಇರಲಿ, ಆದರೆ ಪಿನ್ ನೋಡಿಕೊಳ್ಳಿ. ಅವಳದು ಡೆಲ್, ಅದೇ ಕಂಪನಿಯಲ್ಲಿ 4.5 ಮಿಲಿಮೀಟರ್ ಮತ್ತು 7.4 ಮಿಲಿಮೀಟರ್ ಎಂಬ ಎರಡು ಅಳತೆಯ ಪಿನ್‌ಗಳಿವೆ. ಎರಡರಲ್ಲೂ ಮಧ್ಯದ ಸೂಜಿಯಂಥ ತಂತಿ, ಅಡಾಪ್ಟರ್ ಎಷ್ಟು ವ್ಯಾಟಿನದೆಂದು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ನಕಲಿ ಮಾಲಿನಲ್ಲಿ ಆ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲೇಬೇಕು.

ಭಾವ (ಹುಬ್ಬಳ್ಳಿ): ಸರಿ. ನಾಳೆ ಹಳೆಯ ಅಡಾಪ್ಟರನ್ನೇ ಒಯ್ದು ಪಿನ್ ಹೋಲಿಸಿ ತರುತ್ತೇನೆ. ಹಾಸ್ಟೆಲಿನಲ್ಲಿ ಚಾರ್ಜ್ ಆಗದಿದ್ದರೆ ಎಂಟು ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುತ್ತೇನೆ.

ಚಿಕ್ಕಪ್ಪ (ಶಿವಮೊಗ್ಗ): ಬಿಲ್ಲಿನ ಫೋಟೋ ಗುಂಪಿಗೆ ಹಾಕಿರಿ. ನನ್ನ ಸಂದೇಶವನ್ನು ಅಳಿಸುವುದಿಲ್ಲ. ಅದರ ಕೆಳಗೆ ನಿಮ್ಮ ಉತ್ತರಗಳೂ ಇರಲಿ.